ಉಪ್ಪುನೀರಿನ ಬಾಟಲಿಗಳು

‘ಫೊರೆನ್ಸಿಕ್ ಸೈನ್ಸ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ವಿಧಿವಿಜ್ಞಾನ’ ಎಂದು ಬರೆಯುತ್ತವೆ. ಇಲ್ಲಿರುವ ವಿಧಿ ಕಾನೂನಿನ ವಿಧಿ, ಕಟ್ಟಳೆಯ ವಿಧಿ. ಆದರೆ ಕನ್ನಡದ ಕಿವಿಗೆ ಆ ಪದದಲ್ಲಿ ಮೊದಲು ಕೇಳಿಸುವುದು ಹಣೆಬರಹ. ಚಿಕ್ಕ ವಯಸ್ಸಿನಲ್ಲಿ ಯಾರಾದರೂ ತೀರಿಕೊಂಡರೆ ‘ವಿಧಿಯಾಟ’ ಎನ್ನುತ್ತೇವೆ. ಅದಾದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ವಿಧಿವಿಜ್ಞಾನದ ಕೆಲಸ ಶುರುವಾಗುವುದೇ ಆ ಮಾತನ್ನು ಒಪ್ಪದೆ ಇರುವಲ್ಲಿ. ಸತ್ತದ್ದು ಹೇಗೆ, ಏನು ಒಳಗೆ ಹೋಗಿತ್ತು, ಎಷ್ಟು ಹೋಗಿತ್ತು ಎಂದು ಅದು ಕೇಳುತ್ತದೆ. ಕೇಳಿದ ಮೇಲೆ ಎಷ್ಟು ಗೊತ್ತಾಯಿತೋ ಅಷ್ಟನ್ನು ಮಾತ್ರ ಹೇಳಬೇಕು. ಈ ‘ಅಷ್ಟನ್ನು ಮಾತ್ರ’ ಎಂಬುದರ ಬಗ್ಗೆಯೇ ನನಗೆ ಬರೆಯಬೇಕಾಗಿರುವುದು.

ನಾನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಾಲ್ಕು ವರ್ಷಗಳಿಂದ ಒಣಮೆಣಸಿನಕಾಯಿಯಲ್ಲಿ ಉಳಿದುಕೊಳ್ಳುವ ಕೀಟನಾಶಕದ ಅಂಶವನ್ನು ಅಳೆಯುತ್ತಿದ್ದೇನೆ. ಕಾಯಿ ಪುಡಿ ಮಾಡಿ, ದ್ರಾವಕದಲ್ಲಿ ಕಲಕಿ, ಸೋಸಿ, ಯಂತ್ರಕ್ಕೆ ಹಾಕುತ್ತೇನೆ. ಯಂತ್ರ ಒಂದು ಗೆರೆ ಎಳೆಯುತ್ತದೆ. ಆ ಗೆರೆ ಎಂದೂ ಸಮತಟ್ಟಾಗಿ ಹೋಗುವುದಿಲ್ಲ. ಏನೂ ಇಲ್ಲದಾಗಲೂ ಸಣ್ಣಗೆ ನಡುಗುತ್ತಿರುತ್ತದೆ. ಈ ನಡುಕಕ್ಕೆ ನಮ್ಮ ಭಾಷೆಯಲ್ಲಿ ಗದ್ದಲ ಎಂದು ಹೆಸರು. ಸಂತೆಯಲ್ಲಿ ನಿಂತಾಗ ಯಾರೋ ನಮ್ಮ ಹೆಸರು ಕರೆದ ಹಾಗೆ ಕೇಳಿಸುತ್ತದಲ್ಲ, ನಿಜವಾಗಿ ಕರೆದರೋ ಸಂತೆಯ ಸದ್ದೇ ಹಾಗೆ ಕೇಳಿಸಿತೋ ಎಂದು ತೀರ್ಮಾನಿಸುವುದು ಹೇಗೆ? ನಾವು ಇಟ್ಟುಕೊಂಡಿರುವ ಒಂದು ರೂಢಿಯ ಲೆಕ್ಕವೆಂದರೆ, ಗೆರೆಯ ಏರು ಗದ್ದಲದ ಮೂರು ಪಟ್ಟಾದರೂ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪುಸ್ತಕದಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆಯುತ್ತೇವೆ. ‘ಇಲ್ಲ’ ಎಂದು ಬರೆಯುವುದಿಲ್ಲ. ನನ್ನ ಮಾರ್ಗದರ್ಶಕರು ಮೊದಲ ವರ್ಷ ನನಗೆ ಕಲಿಸಿದ ಪಾಠ ಇದೊಂದೇ ಎಂದರೂ ತಪ್ಪಿಲ್ಲ. ‘ಇಲ್ಲ’ ಎಂಬುದು ಜಗತ್ತಿನ ಬಗೆಗಿನ ಮಾತು. ‘ಪತ್ತೆಯಾಗಿಲ್ಲ’ ಎಂಬುದು ನಾವು ಹುಡುಕಿದ ಬಗೆಯ ಕುರಿತ ಮಾತು.

ಈ ಎರಡು ಮಾತುಗಳ ನಡುವಿನ ಇಕ್ಕಟ್ಟಿನಲ್ಲಿ ನಮ್ಮ ಮನೆಯ ಒಬ್ಬ ಹೆಂಗಸು ಹದಿಮೂರು ತಿಂಗಳು ಬದುಕಿದಳು.

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಕಾಕಾ ಮೂರು ಎಕರೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದ. ನಾನು ಪಿಎಚ್.ಡಿ.ಗೆ ಸೇರಿದ ವರ್ಷ, ಒಂದು ಸಂಜೆ, ಹೊಲದ ಪಂಪಿನ ಮನೆಯ ಬಾಗಿಲಲ್ಲಿ ಬಿದ್ದಿದ್ದ. ಊರಿನವರು ನೋಡುವ ಹೊತ್ತಿಗೆ ಮೈ ತಣ್ಣಗಾಗಿತ್ತು. ವಯಸ್ಸು 46. ಪಕ್ಕದಲ್ಲಿ ಮೂರು ವಸ್ತುಗಳಿದ್ದವು: ಬೆಳಿಗ್ಗೆ ಎಣ್ಣಿ ಹೊಡೆದ ಸ್ಪ್ರೇ ಪಂಪು, ಅರ್ಧ ಖಾಲಿಯಾದ ಎಣ್ಣಿ ಬಾಟಲಿ, ಮಧ್ಯಾಹ್ನ ಚಿಗವ್ವ ಕೊಟ್ಟುಬಂದಿದ್ದ ಬುತ್ತಿಯ ಡಬ್ಬಿ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. ರಾತ್ರಿಯೊಳಗೆ ಊರಿನಲ್ಲಿ ಮೂರು ವಸ್ತುಗಳಿಗೆ ಮೂರು ಕತೆಗಳು ಹುಟ್ಟಿದ್ದವು. ಗಾಳಿಗೆ ಎದುರಾಗಿ ಹೊಡೆದು ಎಣ್ಣಿ ಮೈಗೇರಿತು ಎಂದು ಒಂದು. ಸೊಸೈಟಿಯ ಸಾಲಕ್ಕೆ ಹೆದರಿ ಕುಡಿದ ಎಂದು ಇನ್ನೊಂದು. ಮೂರನೆಯದನ್ನು ಯಾರೂ ನಮ್ಮೆದುರು ಜೋರಾಗಿ ಹೇಳಲಿಲ್ಲ, ಬುತ್ತಿ ಡಬ್ಬಿಯನ್ನು ಪೊಲೀಸರು ಯಾಕೆ ಒಯ್ದರು ಎಂದಷ್ಟೇ ಕೇಳಿದರು.

ಅಸ್ವಾಭಾವಿಕ ಮರಣ ಎಂದು ಪ್ರಕರಣ ದಾಖಲಾಯಿತು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಕಾರಣದ ಜಾಗದಲ್ಲಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವವರೆಗೆ ಅಭಿಪ್ರಾಯವನ್ನು ಕಾಯ್ದಿರಿಸಲಾಗಿದೆ ಎಂದು ಬರೆದರು. ಅದು ಸರಿಯಾದ ಬರಹ. ಕಣ್ಣಿಗೆ ಕಂಡದ್ದರಿಂದ ಹೇಳಲಾಗದಿದ್ದರೆ ಹೇಳಬಾರದು. ಆದರೆ ಆ ಒಂದು ಸಾಲಿನಿಂದ ನಮ್ಮ ಮನೆಯ ಮೇಲೆ ಕಾಯುವಿಕೆಯ ಒಂದು ಕಾಲ ಬಂದು ಕೂತಿತು.

ಇಂಥ ಸಾವಿನಲ್ಲಿ ದೇಹದಿಂದ ಏನನ್ನು ತೆಗೆದಿಡುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಜಠರ ಮತ್ತು ಅದರಲ್ಲಿದ್ದದ್ದು, ಸಣ್ಣ ಕರುಳಿನ ಮೇಲಿನ ತುಂಡು ಒಂದು ಬಾಟಲಿಗೆ. ಯಕೃತ್ತಿನ ಭಾಗ, ಎರಡೂ ಮೂತ್ರಪಿಂಡಗಳ ಅರ್ಧರ್ಧ ಇನ್ನೊಂದಕ್ಕೆ. ರಕ್ತ ಬೇರೊಂದಕ್ಕೆ. ಅಂಗಗಳನ್ನು ಮುಳುಗಿಸಿಡುವುದು ನಾವು ಉಪ್ಪಿನಕಾಯಿಗೆ ಬಳಸುವ ಅದೇ ಅಡುಗೆ ಉಪ್ಪಿನ ನೀರಿನಲ್ಲಿ, ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ. ಫಾರ್ಮಲಿನ್ ಬಳಸುವಂತಿಲ್ಲ; ಅದು ಅಂಗಾಂಶವನ್ನು ಗಟ್ಟಿ ಮಾಡಿಬಿಡುತ್ತದೆ, ಆಮೇಲೆ ಅದರೊಳಗಿನ ವಿಷವನ್ನು ಹೊರಗೆ ಎಳೆಯುವುದು ಕಷ್ಟ. ಹೃದಯದ ರಚನೆ ನೋಡಬೇಕಿದ್ದರೆ ಮಾತ್ರ ಅದನ್ನು ಫಾರ್ಮಲಿನ್‌ನಲ್ಲಿಟ್ಟು ರೋಗಶಾಸ್ತ್ರ ವಿಭಾಗಕ್ಕೆ ಬೇರೆಯಾಗಿ ಕಳಿಸುತ್ತಾರೆ. ಹೀಗೆ ಒಬ್ಬನೇ ಮನುಷ್ಯ ಎರಡು ದಾರಿ ಹಿಡಿದು ಹೋಗುತ್ತಾನೆ.

ಇವುಗಳ ಜೊತೆಗೆ ಇನ್ನೊಂದು ಬಾಟಲಿ ಹೋಗಬೇಕು. ಅದರಲ್ಲಿ ಇರುವುದು ಬರೀ ಉಪ್ಪುನೀರು. ಅಂಗಗಳಿಗೆ ಹಾಕಿದ ಅದೇ ಉಪ್ಪುನೀರು. ನಾಳೆ ವಿಷ ಸಿಕ್ಕರೆ ಅದು ಮನುಷ್ಯನೊಳಗಿಂದ ಬಂದದ್ದೋ, ಆಸ್ಪತ್ರೆಯ ಉಪ್ಪಿನಿಂದ ಬಂದದ್ದೋ ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲ. ನನ್ನ ಪ್ರಯೋಗಾಲಯದಲ್ಲಿ ಇದಕ್ಕೆ ಬ್ಲ್ಯಾಂಕ್ ಎನ್ನುತ್ತೇವೆ. ದಿನವೂ ಮಾಡುವ ಕೆಲಸವಾದ್ದರಿಂದ ನನಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಕಾಕಾನ ಬಾಟಲಿಗಳ ಪಟ್ಟಿಯಲ್ಲಿ ಅದನ್ನು ಓದಿದಾಗ ಕಂಡಿತು. ಒಬ್ಬರ ಮೇಲೆ ಸಂಶಯ ಪಡುವ ಮೊದಲು ತನ್ನ ಪಾತ್ರೆಯ ಮೇಲೆ, ತನ್ನ ಉಪ್ಪಿನ ಮೇಲೆ ಸಂಶಯ ಪಡುವ ಪದ್ಧತಿ ಇದು. ಊರಿನಲ್ಲಿ ಯಾರ ಬಳಿಯೂ ಇಂಥ ಬಾಟಲಿ ಇರಲಿಲ್ಲ.

ಭಾರತದಲ್ಲಿ ಇಂಥ ಪ್ರಯೋಗಾಲಯಗಳು ಶುರುವಾದದ್ದೇ ವಿಷ ಹುಡುಕುವುದಕ್ಕೆ. 1849ರಲ್ಲಿ ಮದ್ರಾಸಿನಲ್ಲಿ ಸರ್ಕಾರದ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಬಂತು. ಅದರ ಬೆನ್ನಿಗೆ 1853ರಲ್ಲಿ ಕಲ್ಕತ್ತ, 1864ರಲ್ಲಿ ಆಗ್ರಾ, 1870ರಲ್ಲಿ ಬಾಂಬೆ. ಕಲ್ಕತ್ತದಲ್ಲಿದ್ದ ವೈದ್ಯ ನಾರ್ಮನ್ ಚೆವರ್ಸ್ 1856ರಲ್ಲಿ ಪ್ರಕಟಿಸಿದ ವೈದ್ಯಕೀಯ ನ್ಯಾಯಶಾಸ್ತ್ರದ ಕೈಪಿಡಿಯಲ್ಲಿ ದಾರಿಹೋಕರಿಗೆ ದತ್ತೂರಿ ಬೀಜ ತಿನ್ನಿಸಿ ದೋಚುವವರ ವಿವರಗಳಿವೆ. ದತ್ತೂರಿಯನ್ನು ಗುರುತಿಸಲು ಆ ಕಾಲದ ಪರೀಕ್ಷಕರು ಜಠರದಿಂದ ತೆಗೆದ ಸಾರವನ್ನು ಬೆಕ್ಕಿನ ಕಣ್ಣಿಗೆ ಹನಿಸಿ ನೋಡುತ್ತಿದ್ದರು. ಕಣ್ಣಿನ ಪಾಪೆ ಅಗಲವಾದರೆ ದತ್ತೂರಿಯ ಸುಳಿವು. ಇಂದು ಅದೇ ಕೆಲಸವನ್ನು ಅಲಮಾರಿಯಷ್ಟು ದೊಡ್ಡ ಯಂತ್ರ ಮಾಡುತ್ತದೆ.

ಇಂಗ್ಲೆಂಡಿನಲ್ಲಿ ಈ ವಿದ್ಯೆ ಬೆಳೆದದ್ದಕ್ಕೂ ಒಂದು ಸೋಲು ಕಾರಣ. 1832ರಲ್ಲಿ ಅಜ್ಜನ ಕಾಫಿಗೆ ಪಾಷಾಣ ಬೆರೆಸಿದ ಆರೋಪ ಹೊತ್ತ ಜಾನ್ ಬೋಡಲ್ ಎಂಬವನ ವಿಚಾರಣೆಯಲ್ಲಿ ಜೇಮ್ಸ್ ಮಾರ್ಷ್ ಎಂಬ ರಸಾಯನತಜ್ಞ ಪಾಷಾಣವನ್ನು ಹಳದಿ ಗಸಿಯಾಗಿ ಹಿಡಿದಿದ್ದ. ಜ್ಯೂರಿಯ ಮುಂದೆ ತರುವ ಹೊತ್ತಿಗೆ ಗಸಿ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ಆಮೇಲೆ ತಪ್ಪೊಪ್ಪಿಕೊಂಡ. ಮಾರ್ಷ್ ನಾಲ್ಕು ವರ್ಷ ದುಡಿದು 1836ರಲ್ಲಿ ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದ. ಪಾಷಾಣ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆಯಾಗಿ ನಿಲ್ಲುವ ಪರೀಕ್ಷೆ. ಕಂಡುಹಿಡಿದರೆ ಸಾಲದು, ಕಂಡದ್ದು ಕೋರ್ಟಿನ ತನಕ ಕೆಡದೆ ಉಳಿಯಬೇಕು. ಈ ಅರಿವಿನಿಂದಲೇ ಮೊಹರು, ಪಟ್ಟಿ, ಸಹಿಗಳ ಶಿಸ್ತಿಗೆ ಅರ್ಥ ಬರುತ್ತದೆ.

ಈಗ ಕೇಂದ್ರ ಗೃಹ ಸಚಿವಾಲಯದ ಕೆಳಗೆ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಗಳಿವೆ. 1957ರಲ್ಲಿ ಕಲ್ಕತ್ತದಲ್ಲಿ ಶುರುವಾದದ್ದು ಮೊದಲನೆಯದು. ಆಮೇಲೆ ಹೈದರಾಬಾದ್, ಚಂಡೀಗಢ, ಭೋಪಾಲ್, ಪುಣೆ, ಗುವಾಹಟಿ. ದೆಹಲಿಯದು ಸಿಬಿಐ ಜೊತೆಗಿದೆ. ಕೇಂದ್ರದ ತನಿಖಾ ಸಂಸ್ಥೆಗಳು ಕಳಿಸಿದ್ದು, ನ್ಯಾಯಾಲಯಗಳು ಇನ್ನೊಮ್ಮೆ ನೋಡಿ ಎಂದದ್ದು, ರಾಜ್ಯಗಳಲ್ಲಿ ಸೌಕರ್ಯವಿಲ್ಲದ್ದು ಇಲ್ಲಿಗೆ ಬರುತ್ತವೆ. ಪರೀಕ್ಷೆಗಳನ್ನು ಹೇಗೆ ನಡೆಸಬೇಕು ಎಂಬ ಕೈಪಿಡಿಗಳು, ರಾಜ್ಯಗಳ ಸಿಬ್ಬಂದಿಗೆ ತರಬೇತಿ ಕೂಡ ಈ ವ್ಯವಸ್ಥೆಯ ಕೆಲಸ. ರಾಜ್ಯಗಳಿಗೆ ತಮ್ಮವೇ ಪ್ರಯೋಗಾಲಯಗಳಿವೆ. ಕರ್ನಾಟಕದ್ದು ಬೆಂಗಳೂರಿನ ಮಡಿವಾಳದಲ್ಲಿ, ಅದರ ಪ್ರಾದೇಶಿಕ ಶಾಖೆಗಳು ಬೇರೆ ಊರುಗಳಲ್ಲಿ. ಹಳ್ಳಿಗಳಿಂದ ಹೊರಡುವ ಉಪ್ಪುನೀರಿನ ಬಾಟಲಿಗಳಲ್ಲಿ ಹೆಚ್ಚಿನವು ರಾಜ್ಯದ ಪ್ರಯೋಗಾಲಯಗಳಿಗೇ ಹೋಗುತ್ತವೆ.

ನನಗಿಂತ ಎರಡು ವರ್ಷ ಮುಂದಿದ್ದ ಸೀನಿಯರ್ ಒಬ್ಬಳು ಇಂಥದೊಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಬಾಟಲಿ ಕೈಗೆ ಬಂದ ಕೂಡಲೇ ಏನು ಮಾಡ್ತೀರಿ ಎಂದು ಕೇಳಿದ್ದೆ. ಮೊದಲು ರಸಾಯನಶಾಸ್ತ್ರ ಅಲ್ಲವೇ ಅಲ್ಲ ಎಂದಳು. ಮೊದಲು ಅರಗಿನ ಮೊಹರು. ಪೊಲೀಸರು ಬೇರೆ ಕಾಗದದಲ್ಲಿ ಕಳಿಸಿದ ಮೊಹರಿನ ಮಾದರಿಗೂ ಬಾಟಲಿಯ ಮೇಲಿನದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಮೊಹರು ಒಡೆದಿದ್ದರೆ ಅದನ್ನು ಬರೆದಿಡಬೇಕು. ಆಮೇಲೆ ಕತ್ತರಿಸುವುದು, ಅರೆಯುವುದು. ಸಯನೈಡ್, ಮದ್ಯಸಾರದಂಥ ಆವಿಯಾಗುವ ವಿಷಗಳನ್ನು ಬಟ್ಟಿ ಇಳಿಸಿ ಬೇರ್ಪಡಿಸುತ್ತಾರೆ. ಪಾಷಾಣದಂಥವಕ್ಕೆ ಅಂಗಾಂಶವನ್ನು ಆಮ್ಲದಲ್ಲಿ ಕುದಿಸಿ ಕರಗಿಸಬೇಕು. ಸಸ್ಯಜನ್ಯ ವಿಷಗಳಿಗೆ ಬೆಲ್ಜಿಯಂನ ಸ್ತಾಸ್ 1850ರಲ್ಲಿ ಕಂಡುಕೊಂಡ ದಾರಿಯ ಸುಧಾರಿತ ರೂಪವನ್ನು ಇಂದಿಗೂ ಪುಸ್ತಕಗಳು ಕಲಿಸುತ್ತವೆ. ಕೀಟನಾಶಕಗಳಿಗೆ ನಾನು ಮೆಣಸಿನಕಾಯಿಗೆ ಮಾಡುವಂಥದೇ ಕೆಲಸ. ದ್ರಾವಕ, ಸೋಸುವಿಕೆ, ಯಂತ್ರ, ನಡುಗುವ ಗೆರೆ. ಅವಳ ಕಷ್ಟ ಬೇರೆ ಕಡೆ ಇತ್ತು. ಕೋರ್ಟಿನಿಂದ ಸಮನ್ಸ್ ಬಂದರೆ ಇಡೀ ದಿನ ಬೇರೊಂದು ಜಿಲ್ಲೆಯ ಕೋರ್ಟಿನ ಜಗಲಿಯ ಮೇಲೆ ಹೋಗುತ್ತದೆ. ಅಷ್ಟು ಹೊತ್ತು ಮೇಜಿನ ಮೇಲಿನ ಕೆಲಸ ಹಾಗೇ ಇರುತ್ತದೆ. ಸರ್ಕಾರಿ ತಜ್ಞರ ಕೆಲವು ವರದಿಗಳನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು ಕಾನೂನೇ ಹೇಳುತ್ತದೆ. ಹಳೆಯ ಸಂಹಿತೆಯಲ್ಲಿ ಅದು 293ನೇ ಕಲಂ, ಹೊಸದರಲ್ಲಿ 329ನೇದು. ಆದರೂ ಬೇಕೆನಿಸಿದರೆ ಕೋರ್ಟು ಕರೆಸಬಹುದು. ಕರೆಸಬೇಕು ಕೂಡ, ಪ್ರಶ್ನಿಸಲಾಗದ ತಜ್ಞರಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಅಲ್ಲಿ ಬಾಟಲಿಗಳು ಸರದಿಗೆ ಕಾಯುತ್ತಿದ್ದಾಗ ಇಲ್ಲಿ ಊರು ತನ್ನ ವರದಿಯನ್ನು ಬರೆದು ಮುಗಿಸಿತ್ತು.

ಚಿಗವ್ವನ ಕೈಯ ಊಟ ಬೇಡ ಎಂದು ಯಾರೂ ಹೇಳಲಿಲ್ಲ. “ಈಗಷ್ಟ ಉಂಡ ಬಂದೇವಿ” ಎಂದರು. ಆಕಳು ಈದಾಗ ಗಿಣ್ಣ ಮಾಡಿ ಓಣಿಯ ನಾಲ್ಕು ಮನೆಗೆ ಕೊಟ್ಟುಬಂದಳು. ಬಟ್ಟಲುಗಳು ತೊಳೆದು ವಾಪಸು ಬಂದವು. ಗಿಣ್ಣ ಹೇಗಿತ್ತು ಎಂದು ಒಬ್ಬರೂ ಮಾತೆತ್ತಲಿಲ್ಲ. ಅಮೇಲೆ ಅವಳು ಯಾರ ಮನೆಗೂ ಏನನ್ನೂ ಕೊಡಲಿಲ್ಲ.

ಮನೆಯೊಳಗೂ ನೆಮ್ಮದಿ ಇರಲಿಲ್ಲ. ಸಾಲದಿಂದ ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. “ಎಣ್ಣಿ ಕುಡದಾನ ಅಂತ ಬಂದರ ಹುಡುಗೂರ ಸಾಲಿಗೆ ಆಧಾರ ಆಕ್ಕೈತಿ” ಎಂದು ಹತ್ತಿರದವರೊಬ್ಬರು ಅಪ್ಪನಿಗೆ ಹೇಳುವುದನ್ನು ನಾನು ಕೇಳಿದ್ದೇನೆ. ಅದು ದುರಾಸೆಯ ಮಾತಲ್ಲ. ಎರಡು ಮಕ್ಕಳು, ಮೂರು ಎಕರೆ, ತೀರದ ಸಾಲ. ಆದರೆ ಅಜ್ಜಿಗೆ ಮಗ ತಾನಾಗಿ ಹೋದ ಎಂಬ ಮಾತು ಕಿವಿಗೆ ಬೀಳಬಾರದಾಗಿತ್ತು. ಅವಳು ವಿಧಿ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನಾಗಿದ್ದಳು. ಚಿಗವ್ವ ಬಾಯಿ ಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಎಲ್ಲರಿಗೂ ವರದಿ ಬೇಕಿತ್ತು, ಒಬ್ಬೊಬ್ಬರಿಗೆ ಬೇಕಿದ್ದ ವರದಿ ಬೇರೆ ಬೇರೆಯಾಗಿತ್ತು. ಯಾರಿಗೆ ಏನು ಬೇಕು ಎಂಬುದನ್ನು ಕೇಳಿಸಿಕೊಳ್ಳದ ಒಂದು ಜಾಗ ಇದ್ದರೆ ಅದು ಆ ಬಾಟಲಿಗಳಿದ್ದ ಕಪಾಟು ಮಾತ್ರ.

ಹದಿಮೂರು ತಿಂಗಳ ಮೇಲೆ ವರದಿ ಬಂತು. ಇಂಗ್ಲಿಷಿನಲ್ಲಿತ್ತು, ಎರಡು ಪುಟ. ಬಾಟಲಿಗಳ ವಿವರ, ಮೊಹರುಗಳು ಸರಿಯಿದ್ದವು ಎಂಬ ಸಾಲು, ಬಳಸಿದ ಪರೀಕ್ಷೆಗಳ ಹೆಸರು, ಕೊನೆಗೆ ಅಭಿಪ್ರಾಯ: ಮೇಲಿನ ವಸ್ತುಗಳಲ್ಲಿ ಆವಿಯಾಗುವ ವಿಷ, ಲೋಹದ ವಿಷ, ಕೀಟನಾಶಕ, ಸಸ್ಯಜನ್ಯ ವಿಷ, ಮತ್ತಿನ ಔಷಧಗಳು ಪತ್ತೆಯಾಗಿಲ್ಲ. ಬುತ್ತಿ ಡಬ್ಬಿಯನ್ನು ತೊಳೆದ ನೀರಿನಲ್ಲೂ ಪತ್ತೆಯಾಗಿಲ್ಲ. ರೋಗಶಾಸ್ತ್ರ ವಿಭಾಗದಿಂದ ಹೃದಯದ ವರದಿ ಮೊದಲೇ ಬಂದಿತ್ತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಬಹುಪಾಲು ಕಟ್ಟಿಕೊಂಡಿತ್ತು. ಎರಡನ್ನೂ ಸೇರಿಸಿ ವೈದ್ಯರು ಅಂತಿಮ ಅಭಿಪ್ರಾಯ ಬರೆದರು. ಹೃದಯಾಘಾತ.

ಮನೆಯವರು ಅಭಿಪ್ರಾಯದ ಸಾಲು ಓದುತ್ತಿದ್ದಾಗ ನನ್ನ ಕಣ್ಣು ದಿನಾಂಕಗಳ ಮೇಲಿತ್ತು. ನಮ್ಮ ಕಸುಬಿನವರ ಚಾಳಿ ಅದು. ಬಾಟಲಿಗಳು ನಮ್ಮ ಕಡೆಯಿಂದ ಪ್ರಯೋಗಾಲಯ ತಲುಪಲು 19 ದಿನ. ಅಲ್ಲಿ ತಲುಪಿದ ದಿನದಿಂದ ಪರೀಕ್ಷೆ ಶುರುವಾದ ದಿನಕ್ಕೆ ಹತ್ತು ತಿಂಗಳಿಗೆ ಹತ್ತಿರ. ಪರೀಕ್ಷೆ ಶುರುವಾಗಿ ಮುಗಿಯಲು 9 ದಿನ. ಮುಗಿದ ಮೇಲೆ ಕಾಗದ ಠಾಣೆಗೆ, ಠಾಣೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನಮ್ಮ ಮನೆಗೆ ಬರಲು ಎರಡು ತಿಂಗಳ ಮೇಲೆ. ಹದಿಮೂರು ತಿಂಗಳಲ್ಲಿ ವಿಜ್ಞಾನ ತೆಗೆದುಕೊಂಡದ್ದು ಒಂಬತ್ತು ದಿನ.

ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು. ಪಾಷಾಣ ವರ್ಷಗಟ್ಟಲೆ ಕೂತರೂ ಪಾಷಾಣವೇ. ಆದರೆ ಕೀಟನಾಶಕಗಳಲ್ಲಿ ಕೆಲವು ಬಾಟಲಿಯಲ್ಲಿ ಕೂತ ಕೂತಲ್ಲೇ ಒಡೆಯುತ್ತವೆ, ಮದ್ಯಸಾರದ ಪ್ರಮಾಣ ಬದಲಾಗುತ್ತದೆ. ವಿಳಂಬ ಎಂದರೆ ಉತ್ತರ ತಡವಾಗಿ ಬರುವುದು ಮಾತ್ರ ಅಲ್ಲ, ಉತ್ತರದ ಬಲವೂ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಮೊದಲ ತಿಂಗಳಲ್ಲಿ ಹೇಳಿದ ‘ಪತ್ತೆಯಾಗಿಲ್ಲ’ಕ್ಕೂ ಹತ್ತನೆಯ ತಿಂಗಳಲ್ಲಿ ಹೇಳಿದ್ದಕ್ಕೂ ತೂಕ ಒಂದೇ ಅಲ್ಲ. ಕಾಕಾನ ವಿಷಯದಲ್ಲಿ ಹೃದಯದ ವರದಿ ಜೊತೆಗಿತ್ತು. ಅದಿಲ್ಲದ ಮನೆಗಳ ಬಗ್ಗೆ ಆಗಾಗ ಯೋಚಿಸುತ್ತೇನೆ.

ಅವತ್ತು ರಾತ್ರಿ ಪಾತ್ರೆ ತಿಕ್ಕುತ್ತ ಚಿಗವ್ವ ನನ್ನನ್ನು ಕೇಳಿದಳು: “ಅಂದ್ರ, ನಾ ಏನೂ ಹಾಕಿಲ್ಲ ಅಂತ ಬರದಾರೇನವಾ?”

ಹೌದು ಎನ್ನುವುದು ಸುಲಭವಿತ್ತು. ಆದರೆ ವರದಿ ಹಾಗೆ ಬರೆದಿರಲಿಲ್ಲ. ಯಾವ ಪ್ರಯೋಗಾಲಯವೂ ಹಾಗೆ ಬರೆಯುವುದಿಲ್ಲ. ಬಾಟಲಿಯೊಳಗೆ ಏನಿತ್ತು ಎಂಬುದನ್ನು ಅದು ಹೇಳಬಲ್ಲದು. ಯಾರ ಮನಸ್ಸಿನಲ್ಲಿ ಏನಿತ್ತು ಎಂದಲ್ಲ. ನಾನು ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಆಮೇಲೆ ಹೇಳಿದೆ: “ಚಿಗವ್ವಾ, ಇದರಾಗ ನಿನ್ನ ಹೆಸರs ಇಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಎಲ್ಲೂ ಇಲ್ಲೇನು?” ಎಂದಳು. ಎಲ್ಲೂ ಇಲ್ಲ ಎಂದೆ. ಹದಿಮೂರು ತಿಂಗಳಲ್ಲಿ ಕಾಕಾನ ಸಾವಿನ ಬಗ್ಗೆ ಅವಳ ಹೆಸರಿಲ್ಲದೆ ಆಡಿದ ಮೊದಲ ಮಾತು ಅದು.

ವರದಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅವಳು ನಿರಪರಾಧಿ ಎಂದು ಬರೆಯಬಾರದಿತ್ತೇ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಬರೆಯಬಾರದು. ಆ ಒಂದು ಹೆಜ್ಜೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಎಫ್‌ಬಿಐ. ಅಲ್ಲಿನ ಪ್ರಯೋಗಾಲಯದ ತಜ್ಞರು ದಶಕಗಳ ಕಾಲ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ಕೋರ್ಟುಗಳಲ್ಲಿ ಸಾಕ್ಷಿ ಹೇಳಿದ್ದರು. ಎರಡು ಕೂದಲು ಒಂದನ್ನೊಂದು ಹೋಲುತ್ತವೆ ಎಂದು ಮಾತ್ರ ಆ ವಿಧಾನ ಹೇಳಬಲ್ಲದು. ಇದು ಇವನದೇ ಎಂದು ಹೇಳಲಾರದು. ತಜ್ಞರು ಅದನ್ನು ಮೀರಿ ಹೇಳುತ್ತಿದ್ದರು. 2015ರಲ್ಲಿ ಎಫ್‌ಬಿಐ ತಾನೇ ಒಪ್ಪಿಕೊಂಡಿತು: ಪರಿಶೀಲಿಸಿದ ವಿಚಾರಣೆಗಳಲ್ಲಿ ಶೇ. 90ಕ್ಕಿಂತ ಕಡಿಮೆಯಿಲ್ಲದಷ್ಟರಲ್ಲಿ ಸಾಕ್ಷ್ಯದಲ್ಲಿ ತಪ್ಪು ಹೇಳಿಕೆಗಳಿದ್ದವು, 28 ತಜ್ಞರಲ್ಲಿ 26 ಮಂದಿ ಹಾಗೆ ಹೇಳಿದ್ದರು. ಅವರೆಲ್ಲ ಸುಳ್ಳುಗಾರರಾಗಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಎದುರಿಗೆ ಕಾಯುತ್ತಿದ್ದವರಿಗೆ ಬೇಕಾದ ಮಾತನ್ನು ಕೊಟ್ಟುಬಿಟ್ಟರು.

ಕಾಯುವವರ ಆಸೆ ತಜ್ಞರ ಕಣ್ಣನ್ನೇ ಬದಲಿಸುತ್ತದೆ ಎಂಬುದಕ್ಕೂ ಆಧಾರವಿದೆ. 2006ರಲ್ಲಿ ಇತಿಯೆಲ್ ಡ್ರೋರ್ ಮತ್ತು ಸಂಗಡಿಗರು ಐವರು ಅನುಭವಿ ಬೆರಳಚ್ಚು ತಜ್ಞರಿಗೆ, ವರ್ಷಗಳ ಹಿಂದೆ ಅವರೇ ಒಬ್ಬನದೇ ಎಂದು ತೀರ್ಮಾನಿಸಿದ್ದ ಬೆರಳಚ್ಚು ಜೋಡಿಗಳನ್ನು ಮತ್ತೆ ಕೊಟ್ಟರು. ತಮ್ಮ ಹಳೆಯ ಕೆಲಸ ಎಂದು ಅವರಿಗೆ ತಿಳಿಯದು. ಇದು ಎಫ್‌ಬಿಐ ತಪ್ಪಾಗಿ ಗುರುತಿಸಿ ಸುದ್ದಿಯಾದ ಜೋಡಿ ಎಂದು ಮಾತ್ರ ಹೇಳಿದ್ದರು. ನಾಲ್ವರು ತಮ್ಮ ಹಳೆಯ ತೀರ್ಮಾನದಿಂದ ಹಿಂದೆ ಸರಿದರು. ಬೆರಳು ಬದಲಾಗಿರಲಿಲ್ಲ, ಸುತ್ತಲಿನ ಕತೆ ಬದಲಾಗಿತ್ತು. ಕತೆ ಒಳಗೆ ಬರದಂತೆ ಬಾಗಿಲು ಹಾಕಿಕೊಳ್ಳುವುದು ಇಂಥ ಪ್ರಯೋಗಾಲಯದ ದೊಡ್ಡ ಕೆಲಸ ಎಂದು ನನಗೆ ಅನ್ನಿಸಲು ಶುರುವಾದದ್ದು ಇದನ್ನು ಓದಿದ ಮೇಲೆ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಪ್ರಯೋಗಾಲಯಗಳು ಪೊಲೀಸರ ಹಿಡಿತದಿಂದ ಹೊರಗಿರಬೇಕು ಎಂದು ಹೇಳಿದ್ದು ಈ ಕಾರಣಕ್ಕೇ.

ನಮ್ಮಲ್ಲೂ ಒಂದು ಬಾಗಿಲು ಹಾಕಿದ್ದುಂಟು. ಆರೋಪಿಗೆ ಮತ್ತಿನ ಔಷಧ ಕೊಟ್ಟು ಮಾತಾಡಿಸುವ ನಾರ್ಕೋ ಪರೀಕ್ಷೆ ಒಂದು ಕಾಲಕ್ಕೆ ಟಿ.ವಿ.ಗಳಲ್ಲಿ ದಿನವಿಡೀ ಓಡುತ್ತಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಾರ್ಕೋ, ಮೆದುಳಿನ ನಕಾಶೆ, ಪಾಲಿಗ್ರಾಫ್ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದಿತು. ವಿಜ್ಞಾನದ ಹೆಸರಿನಲ್ಲಿ ಮನುಷ್ಯನ ಬಾಯಿಂದ ಮಾತು ಹಿಂಡುವುದಕ್ಕೂ ಬಾಟಲಿಯನ್ನು ತೆರೆದು ನೋಡುವುದಕ್ಕೂ ಇರುವ ಅಂತರವನ್ನು ಅದು ಗುರುತಿಸಿತು.

ಸುಮ್ಮನಿರಬೇಕಾದಲ್ಲಿ ಸುಮ್ಮನಿರುವ ಪ್ರಯೋಗಾಲಯಕ್ಕೇ ಮಾತಾಡಬೇಕಾದಲ್ಲಿ ಬೆಲೆ ಬರುತ್ತದೆ. ಡಿಎನ್‌ಎ ಗುರುತನ್ನು ಕೊಲೆ ಪ್ರಕರಣವೊಂದರಲ್ಲಿ ಮೊದಲು ಬಳಸಿದ್ದು 1986ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ. ಹದಿನೇಳು ವರ್ಷದ ಹುಡುಗನೊಬ್ಬ ತಪ್ಪೊಪ್ಪಿಕೊಂಡೂ ಆಗಿತ್ತು. ಅಲೆಕ್ ಜೆಫ್ರಿಸ್ ಪರೀಕ್ಷಿಸಿ ಇವನಲ್ಲ ಎಂದರು. ನಿಜವಾದ ಅಪರಾಧಿಗೆ ಶಿಕ್ಷೆಯಾದದ್ದು 1988ರಲ್ಲಿ. ಆ ತಂತ್ರ ಲೋಕಕ್ಕೆ ಬಂದದ್ದು ಒಬ್ಬನನ್ನು ಹಿಡಿಯುವುದರಿಂದಲ್ಲ, ಒಬ್ಬನನ್ನು ಬಿಡಿಸುವುದರಿಂದ. ಭಾರತದಲ್ಲಿ ಈ ವಿದ್ಯೆಯನ್ನು ಕಟ್ಟಿದವರು ಲಾಲ್‌ಜಿ ಸಿಂಗ್. ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಯಿಂದ ಬಂದ ಅವರು ಓದುತ್ತಿದ್ದದ್ದು ಹಾವುಗಳಲ್ಲಿ ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು. ಕಪ್ಪು ಹಳದಿ ಪಟ್ಟೆಯ ಕಟ್ಟುಹಾವಿನ ಜಾತಿಯೊಂದರಲ್ಲಿ ಸಿಕ್ಕ ಡಿಎನ್‌ಎ ತುಣುಕು, ಹೈದರಾಬಾದಿನ ಸಿಸಿಎಂಬಿಯಲ್ಲಿ ಮನುಷ್ಯರನ್ನು ಗುರುತಿಸುವ ಸಾಧನವಾಯಿತು. ಹಾವಿನ ಕುರಿತು ಕುತೂಹಲವಿದ್ದ ಒಬ್ಬ ಸಂಶೋಧನಾ ವಿದ್ಯಾರ್ಥಿಯಿಂದ ಕೋರ್ಟುಗಳಲ್ಲಿ ತಂದೆತಾಯಿಯ ತಕರಾರುಗಳು ತೀರಿದವು. ‘ನಿಮ್ಮ ಪಿಎಚ್.ಡಿ.ಯಿಂದ ಏನು ಉಪಯೋಗ’ ಎಂದು ಕೇಳುವವರಿಗೆ ನಾನು ಹೇಳುವ ಕತೆ ಇದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಒಳ್ಳೆಯ ನಿಯಮ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ, ಅಲ್ಲಿ ಓದುವವರಿಗೆ ಮುಂದೆ ಕೆಲಸಕ್ಕೆ ಕೊರತೆಯಾಗಲಾರದು. ಆದರೆ ಸ್ಥಳಕ್ಕೆ ಹೆಚ್ಚು ಜನ ಹೋದಷ್ಟೂ ಕಪಾಟಿಗೆ ಬರುವ ಬಾಟಲಿಗಳು ಹೆಚ್ಚುತ್ತವೆ. ಅವನ್ನು ತೆರೆಯುವ ಕೈಗಳೂ ಅಷ್ಟೇ ಹೆಚ್ಚದಿದ್ದರೆ ಹತ್ತು ತಿಂಗಳು ಹದಿನೈದಾಗುತ್ತದೆ. ಹೊಸ ಕಟ್ಟಡದ ಉದ್ಘಾಟನೆ ಸುದ್ದಿಯಾಗುತ್ತದೆ, ಖಾಲಿ ಇರುವ ಸಹಾಯಕರ ಹುದ್ದೆ ಆಗುವುದಿಲ್ಲ.

ಎಂಎಸ್ಸಿ ರಸಾಯನಶಾಸ್ತ್ರ ಮುಗಿಸುವ ಕಿರಿಯರು ಮುಂದೇನು ಎಂದು ಕೇಳಿದಾಗ ನಾನೀಗ ಔಷಧ ಕಂಪನಿಗಳ ಹೆಸರಿನ ಜೊತೆಗೆ ಈ ಪ್ರಯೋಗಾಲಯಗಳ ಹೆಸರನ್ನೂ ಹೇಳುತ್ತೇನೆ. ಸಂಬಳ ಎಷ್ಟು, ಬಡ್ತಿ ಯಾವಾಗ ಎಂದು ಕೇಳುತ್ತಾರೆ, ಗೊತ್ತಿದ್ದಷ್ಟು ಹೇಳುತ್ತೇನೆ. ಜೊತೆಗೆ ಆ ದಿನಾಂಕಗಳ ಲೆಕ್ಕವನ್ನೂ ಹೇಳುತ್ತೇನೆ. ಯಾವುದೋ ಊರಿನಲ್ಲಿ ಯಾರೋ ಒಬ್ಬಳು ಬಟ್ಟಲು ತುಂಬ ಗಿಣ್ಣ ಮಾಡಿ, ಯಾರಿಗೂ ಕೊಡದೆ ಕೂತಿರುತ್ತಾಳೆ. ಅವಳ ಪಾಲಿನ ನಾಲ್ಕು ಬಾಟಲಿ ಯಾವುದೋ ಕಪಾಟಿನಲ್ಲಿ ಸರದಿ ಕಾಯುತ್ತಿರುತ್ತವೆ. ಕೆಲಸ ಒಂಬತ್ತು ದಿನದ್ದು.